ಮಿದುಳಿನ ಆಸರೆ ಕೋಶಗಳ ಅಧ್ಯಯನದ ಹಾದಿ

ಜರ್ಮನಿಯ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಚೋ 1856ರಲ್ಲಿ ನ್ಯೂರೋಗ್ಲಿಯಾ ಎಂದು ಹೆಸರಿಸಿದ ಅಂಗಾಂಶವನ್ನು ವಿದ್ವಾಂಸರು ಬಹುಕಾಲ ನರಕೋಶಗಳನ್ನು ಹಿಡಿದಿಡುವ ಅಂಟೆಂದಷ್ಟೇ ಎಣಿಸಿದ್ದರು. ಮ್ಯಾಡ್ರಿಡ್‌ನಲ್ಲಿ ಸಾಂತಿಯಾಗೊ ರಾಮೊನ್ ಇ ಕಹಾಲ್ 1913ರಲ್ಲಿ ಮಿದುಳಿನ ತೆಳು ಸೀಳುಗಳನ್ನು ಚಿನ್ನ ಮತ್ತು ಪಾದರಸದ ಲವಣಗಳ ದ್ರಾವಣದಲ್ಲಿ ನೆನೆಸಿ, ನಕ್ಷತ್ರಾಕಾರದ ಆಸರೆ ಕೋಶಗಳಾದ ಆಸ್ಟ್ರೋಸೈಟುಗಳು ರಕ್ತನಾಳಗಳಿಗೆ ಪಾದವೂರಿ ನಿಂತಿರುವುದನ್ನು ಸ್ಪಷ್ಟವಾಗಿ ತೋರಿಸಿದನು; ಅವನ ಶಿಷ್ಯ ಪಿಯೊ ದೆಲ್ ರಿಯೊ ಓರ್ತೇಗಾ 1919ರಲ್ಲಿ ಬೆಳ್ಳಿಯ ಲವಣ ಬಳಸಿ ಮೈಕ್ರೋಗ್ಲಿಯಾ ಎಂಬ ರಕ್ಷಕ ಕೋಶಗಳನ್ನು ಬೇರ್ಪಡಿಸಿ ಗುರುತಿಸಿದನು. ಗುರುವನ್ನೂ ಮೀರಿದ ಈ ಶಿಷ್ಯನ ಸೂಕ್ಷ್ಮದೃಷ್ಟಿಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿಯಾಗಿ ಸಂದಿಲ್ಲ.

ರಕ್ತನಾಳ ಮುಚ್ಚಿ ಪಾರ್ಶ್ವವಾಯು ಬಡಿದಾಗ ಮೈಕ್ರೋಗ್ಲಿಯಾ ಸತ್ತ ಕೋಶಗಳನ್ನು ನುಂಗುತ್ತವೆ. ಆಸ್ಟ್ರೋಸೈಟುಗಳು ಹಿಗ್ಗಿ, ಹಾನಿಗೊಂಡ ಭಾಗದ ಸುತ್ತ ಗಾಯದ ಕಲೆಯಂತಹ ಗೋಡೆ ಕಟ್ಟಿ ಉರಿಯೂತ ಹರಡದಂತೆ ತಡೆಯುತ್ತವೆ. ನರತಂತುಗಳ ಮರುಬೆಳವಣಿಗೆಗೆ ಈ ಗೋಡೆ ಶತ್ರುವೆಂಬ ನಂಬಿಕೆ ದಶಕಗಳ ಕಾಲ ಬೇರೂರಿತ್ತು. ಆದರೆ ಇಲಿಗಳ ಬೆನ್ನುಹುರಿಯ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಗೋಡೆಯನ್ನು ತಡೆದರೂ ತಂತುಗಳು ಬೆಳೆಯಲಿಲ್ಲ. ಉದ್ರಿಕ್ತ ಮೈಕ್ರೋಗ್ಲಿಯಾ ಸ್ರವಿಸುವ ಮೂರು ಪ್ರೋಟೀನುಗಳು ಆಸ್ಟ್ರೋಸೈಟುಗಳನ್ನು ನೆರೆಯ ನರಕೋಶಗಳನ್ನೇ ಕೊಲ್ಲುವಂತೆ ಬದಲಿಸಬಲ್ಲವೆಂದು ನರವಿಜ್ಞಾನಿ ಬೆನ್ ಬ್ಯಾರೆಸ್‌ನ ತಂಡ 2017ರಲ್ಲಿ ತೋರಿಸಿತು. ಆದ್ದರಿಂದ ಈ ಕೋಶಗಳನ್ನು ಒಳ್ಳೆಯವು, ಕೆಟ್ಟವು ಎಂದು ಎರಡೇ ಪಂಗಡಗಳಾಗಿ ವಿಂಗಡಿಸುವುದು ಸರಿಯಲ್ಲ.