ಸುಳ್ಯದ ನಲ್ಲಿ ನೀರು

ದಕ್ಷಿಣ ಕನ್ನಡದ ಸುಳ್ಯ ಪೇಟೆಗೆ ನಗರ ಪಂಚಾಯತ್ ಪೂರೈಸುವ ಕುಡಿಯುವ ನೀರು. ಮೂಲ ಪಯಸ್ವಿನಿ: ಕೊಡಗಿನ ಗುಡ್ಡಗಳಿಂದಿಳಿದು ಪೇಟೆಯ ಮಗ್ಗುಲಲ್ಲೇ ಹರಿದು, ಕಾಸರಗೋಡಿನಲ್ಲಿ ಚಂದ್ರಗಿರಿ ಎನಿಸಿ ಕಡಲು ಸೇರುವ ನದಿ. ಕಲ್ಲುಮುಟ್ಲುವಿನಲ್ಲಿ ನೀರೆತ್ತುತ್ತಾರೆ. ಬೇಸಿಗೆಯಲ್ಲಿ ಹೊಳೆ ಬತ್ತುತ್ತಾ ಬಂದಾಗ ಸುಳ್ಯದ ನಾಗಪಟ್ಟಣದ ಬಳಿ ಮರಳಿನ ಚೀಲಗಳ ಕಟ್ಟ ಹಾಕಿ ನೀರು ನಿಲ್ಲಿಸುತ್ತಿದ್ದರು. ಮುಂದೆ ಅಲ್ಲಿ ಕಿಂಡಿ ಅಣೆಕಟ್ಟು ಬಂತು.

ಗುಣಮಟ್ಟದ ದೊಡ್ಡ ಸವಾಲು ಮಳೆಗಾಲದ ಕೆಸರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲದ ಸುತ್ತ ಗುಡ್ಡ ಕುಸಿದಾಗ ಮಣ್ಣು, ಮರಗಳೆಲ್ಲ ಈ ಹೊಳೆಗೇ ಇಳಿದವು. ಕೆಂಪು ನೀರು ಬರೀ ನೋಟಕ್ಕೆ ಕೆಟ್ಟದ್ದಲ್ಲ: ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣುಗಳು ಕ್ಲೋರಿನ್‌ನಿಂದ ಪಾರಾಗುತ್ತವೆ. ಹಾಗಾಗಿ ಮೊದಲು ಪಟಿಕದಿಂದ ಕೆಸರು ತಳಕ್ಕಿಳಿಸಿ, ಮರಳಿನಲ್ಲಿ ಸೋಸಿ, ಆಮೇಲೆ ಕ್ಲೋರಿನ್ ಬೆರೆಸುವುದೇ ಸರಿಯಾದ ಕ್ರಮ.

ಭಾರತೀಯ ಮಾನಕ 10500ರ (2012) ಪ್ರಕಾರ ನೀರಿನ ಕಲಕು 1 ಎನ್‌ಟಿಯು (ಕಲಕನ್ನು ಅಳೆಯುವ ಮಾನ) ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 5ರವರೆಗೆ ವಿನಾಯಿತಿ. 100 ಮಿಲಿಲೀಟರ್‌ನಲ್ಲಿ ಒಂದೂ ಇ-ಕೋಲಿ ಬ್ಯಾಕ್ಟೀರಿಯಾ ಇರಕೂಡದು. ಶುದ್ಧೀಕರಿಸಿದ ನೀರೂ ದಾರಿಯಲ್ಲಿ ಕೆಡಬಹುದು. ಪೂರೈಕೆ ನಿಂತಾಗ ಬರಿದಾದ ಪೈಪು ಬಿರುಕುಗಳಿಂದ ಚರಂಡಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ ಪರೀಕ್ಷೆ ಟ್ಯಾಂಕಿನಲ್ಲಷ್ಟೇ ಅಲ್ಲ, ಕೊನೆಯ ಮನೆಯ ನಲ್ಲಿಯಲ್ಲೂ ಆಗಲೇಬೇಕು. ಕುದಿಸಿ ಕುಡಿಯುವುದು ರೋಗಾಣುಗಳ ವಿರುದ್ಧ ಮನೆಮಟ್ಟದ ಖಚಿತ ರಕ್ಷಣೆ.