ದಾಸವಾಳದ ಕುಟುಂಬ: ಔಷಧೋಪಯೋಗ ಮತ್ತು ಕೃಷಿಯ ಇತಿಹಾಸ

ಹತ್ತಿ, ಬೆಂಡೆ, ಪುಂಡಿ, ದಾಸವಾಳ, ಹೂವರಸಿ ಮೊದಲಾದ, ನೋಟಕ್ಕೆ ಪರಸ್ಪರ ಬಹು ಭಿನ್ನವಾದ ಸಸ್ಯಗಳನ್ನು ಒಂದುಗೂಡಿಸುವ ಲಕ್ಷಣ, ಕೇಸರದಂಡಗಳೆಲ್ಲ ಕೂಡಿಕೊಂಡು ಶಲಾಕೆಯ ಸುತ್ತ ಒಂದೇ ನಾಳವಾಗುವ ಅವುಗಳ ಪುಷ್ಪರಚನೆ. ಫ್ರಾನ್ಸಿನ ಸಸ್ಯವಿಜ್ಞಾನಿ ಆಂತ್ವಾನ್ ಲೋರಾನ್ ದ ಜ್ಯೂಸಿಯು 1789ರಲ್ಲಿ ಈ ಕುಟುಂಬವನ್ನು ಮಾಲ್ವೇಸೀ ಎಂಬ ಹೆಸರಿನಿಂದ ನಿರೂಪಿಸಿದನು. ಆದರೆ ವೈದ್ಯನ ದೃಷ್ಟಿಗೆ ಇವುಗಳ ಬಾಂಧವ್ಯವನ್ನು ಸಾರುವುದು ಪುಷ್ಪಕ್ಕಿಂತಲೂ ಮಿಗಿಲಾಗಿ ಲೋಳೆಯೇ. ಬೇರು, ಎಲೆ, ಎಳೆಗಾಯಿಗಳಲ್ಲಿ ಸಂಚಿತವಾದ ಈ ದ್ರವ್ಯ ನೀರನ್ನು ಹೀರಿ ಉಬ್ಬಿ, ಗಂಟಲಿನ ಒಳಪೊರೆಯ ಮೇಲೆ ತೆಳುವಾಗಿ ಹರಡಿ, ಉರಿಯನ್ನೂ ಒಣಕೆಮ್ಮನ್ನೂ ಶಮನಗೊಳಿಸುತ್ತದೆ.

ಯೂರೋಪಿನಲ್ಲಿ ಈ ಗುಣಕ್ಕೆ ಪ್ರಸಿದ್ಧವಾದದ್ದು ಜವುಗುನೆಲದ ಆಲ್ಥೀಯ ಅಫಿಸಿನಾಲಿಸ್. ಕ್ರಿ.ಶ. 1ನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸನು ಅದನ್ನು ವರ್ಣಿಸಿದ್ದಾನೆ. ಷಾರ್ಲ್‌ಮೇನ್ ಚಕ್ರವರ್ತಿಯ ಕಾಲದ ಶಾಸನವೊಂದು ಅರಸನ ತೋಟಗಳಲ್ಲಿ ಬೆಳೆಸತಕ್ಕ ಮೂಲಿಕೆಗಳ ಪಟ್ಟಿಯಲ್ಲಿ ಅದನ್ನೂ ಸೇರಿಸಿತು. ಯುನಾನಿ ವೈದ್ಯರಿಗೆ ಇದೇ ಖತ್ಮಿ. ಇದರ ಬೇರಿನಿಂದ ಮೊದಲಾದ ಮಾರ್ಷ್‌ಮ್ಯಾಲೋ ಮಿಠಾಯಿಯಲ್ಲಿ ಇಂದು ಬೇರಿನ ಸ್ಥಾನವನ್ನು ಜೆಲಾಟಿನ್ ಆಕ್ರಮಿಸಿದೆ.

ಭಾರತದಲ್ಲಿ ಈ ಕುಟುಂಬದ ವೈದ್ಯಕೀಯ ಕೀರ್ತಿಯನ್ನು ಹೊತ್ತದ್ದು, ಕನ್ನಡನಾಡಿನ ಬೀಳುಗಳಲ್ಲಿಯೂ ದಾರಿಯ ಬದಿಗಳಲ್ಲಿಯೂ ಯಾರ ಆರೈಕೆಯನ್ನೂ ಬೇಡದೆ ಬೆಳೆಯುವ ಹೆತ್ತುತ್ತಿ, ಎಂದರೆ ಸಂಸ್ಕೃತದ ಬಲಾ. ಚರಕಸಂಹಿತೆ ಬಲವರ್ಧಕವೂ ವಾತಹರವೂ ಆದ ದ್ರವ್ಯಗಳಲ್ಲಿ ಇದಕ್ಕೆ ಅಗ್ರಸ್ಥಾನವನ್ನು ಕೊಟ್ಟಿದೆ. ನಂತರದ ನಿಘಂಟುಕಾರರು ಬಲಾ, ಅತಿಬಲಾ, ಮಹಾಬಲಾ, ನಾಗಬಲಾ ಎಂಬ ನಾಲ್ಕನ್ನು ಒಂದು ವರ್ಗವಾಗಿ ಗಣಿಸಿದರು. ಇವುಗಳಲ್ಲಿ ಅತಿಬಲಾ ಎಂಬುದು, ಮುದ್ರೆಯೊತ್ತಿದಂತಹ ಕಾಯಿಗಳಿಂದ ಶ್ರೀಮುದ್ರೆ ಎನಿಸಿಕೊಂಡ ತುತ್ತಿಯ ಗಿಡ. ಬಲಾಮೂಲದ ಕಷಾಯ ಮತ್ತು ಕಲ್ಕಗಳನ್ನು ಹಾಲು, ಎಳ್ಳೆಣ್ಣೆಗಳೊಡನೆ ಪಾಕಮಾಡಿದ ಕ್ಷೀರಬಲಾ ತೈಲವನ್ನು ವಾತವ್ಯಾಧಿಗಳಿಗೆ ಬಳಸುವರು; ಪಾಕವನ್ನು 101 ಸಲ ಆವರ್ತಿಸಿ ಸಿದ್ಧಗೊಳಿಸುವ ಪದ್ಧತಿಯೂ ಉಂಟು. ಕೇರಳದ ವೈದ್ಯರು ಬಲಾ ಎಂದು ಸ್ವೀಕರಿಸುವ ಕುರುಂತೋಟ್ಟಿ ಹೆತ್ತುತ್ತಿಯೂ ಸೇರಿದ ಸೈಡ ಕುಲದ ಬೇರೊಂದು ಪ್ರಭೇದವಾದುದರಿಂದ, ಅಂಗಡಿಯ ಒಣಬೇರನ್ನು ಹೆಸರುಮಾತ್ರದಿಂದ ನಂಬುವುದು ಯುಕ್ತವಲ್ಲ.

ಹತ್ತಿ, ಬೆಂಡೆಗಳು ಹಲವು ಶತಮಾನಗಳಿಂದ ಉಳುಮೆಯ ಬೆಳೆಗಳಾಗಿದ್ದರೂ ಇಂತಹ ಬಲಾ ಮಾತ್ರ ಬಹುಕಾಲ ಕಾಡುಮೂಲಿಕೆಯಾಗಿಯೇ ಉಳಿದದ್ದು ವ್ಯಸನಕರ. ಬೇರೇ ಔಷಧವಾದಲ್ಲಿ ಅಗೆದ ಗಿಡ ಮತ್ತೆ ಚಿಗುರುವಂತಿಲ್ಲ. ಆದುದರಿಂದ ಬಲಾವನ್ನು ಬೆಳೆಸಿಯೇ ಪಡೆಯಬೇಕು; ಆ ಕೃಷಿಗೆ ಮೊದಲ ಅಡ್ಡಿ ಬೀಜದ ಗಟ್ಟಿ ಹೊರಪೊರೆ. ಮರಳಿನೊಡನೆ ಉಜ್ಜಿ ಅದನ್ನು ಸವೆಸಿದರೆ ಮೊಳಕೆ ಸುಲಭ. ಮುಂಗಾರಿನ ಆರಂಭದಲ್ಲಿ, ನೀರು ನಿಲ್ಲದ ಭೂಮಿಯಲ್ಲಿ ಬಿತ್ತಿ, ಕಾಯಿ ಬಲಿತು ಬೀಜ ಉದುರಿದ ಮೇಲೆಯೇ ಬೇರನ್ನು ಅಗೆದರೆ, ಮರುವರ್ಷದ ಸಸಿಗಳಿಗೆ ಅದೇ ನೆಲದಲ್ಲಿ ಬೀಜ ಉಳಿದಿರುತ್ತದೆ.