ಅಂಟನ್ನು ನಂಬಿ ಹಾರಿದ ವಿಮಾನ

ಮರದ ಪಟ್ಟಿಗಳನ್ನು ಅಂಟಿನಿಂದ ಕೂಡಿಸಿ ಕಿರುದೋಣಿ ಕಟ್ಟುವುದನ್ನು ನೀವು ಕೇಳಿರಬಹುದು. ಅದೇ ಕ್ರಮದಿಂದ ಯುದ್ಧವಿಮಾನವನ್ನೂ ಕಟ್ಟಿದರೆಂದರೆ ನಂಬುವಿರಾ? ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪೆನಿಯ ‘ಮಸ್ಕಿಟೊ’ ಮೊದಲು ಹಾರಿದ್ದು 1940ರ ನವೆಂಬರ್ 25ರಂದು. ಅದರ ಒಡಲನ್ನು ಕಡಲೆಕಾಯಿಯ ಸಿಪ್ಪೆಯಂತೆ ಎರಡು ಹೋಳಾಗಿ ಮಾಡುತ್ತಿದ್ದರು. ಅಚ್ಚಿನ ಮೇಲೆ ಬರ್ಚ್ ಮರದ (ನಮ್ಮ ಕವಿಗಳ ಭೂರ್ಜದ ಬಂಧು) ತೆಳು ಪ್ಲೈವುಡ್, ಅದರ ಮೇಲೆ ಹಗುರಾದ ಬಾಲ್ಸಾ ಪಟ್ಟಿಗಳು, ಮತ್ತೆ ಪ್ಲೈವುಡ್. ಅಂಟು ಒಣಗುವವರೆಗೆ ಸುತ್ತಲೂ ಲೋಹದ ಪಟ್ಟಿಗಳ ಬಿಗಿತ. ಮೊದಮೊದಲು ಬಳಸಿದ್ದು ಹಾಲಿನಿಂದ ತೆಗೆದ ಕೇಸೀನ್ ಅಂಟು! ಮರವಜ್ರ ಕಾಸುವ ನಮ್ಮ ಬಡಗಿಗೆ ಇದು ಸೋಜಿಗವೇ ಸರಿ.

1944ರಲ್ಲಿ ನಮ್ಮ ಯಲಹಂಕದಲ್ಲೇ ವೈಮಾನಿಕರು ಈ ವಿಮಾನದ ಹಾರಾಟವನ್ನು ಕಲಿತರು. ಆ ವರ್ಷದ ಕೊನೆಗೆ ಭಾರತ–ಬರ್ಮಾ ರಂಗದಲ್ಲಿ ಕೆಲವು ವಿಮಾನಗಳು ಆಕಾಶದಲ್ಲೇ ಮುರಿದು ಜನ ಸತ್ತರು. ನವೆಂಬರಿನಲ್ಲಿ ಹಾರಾಟವನ್ನು ನಿಲ್ಲಿಸಬೇಕಾಯಿತು. ಮಳೆಗಾಲವನ್ನೂ ಹಾಲಿನಂಟನ್ನೂ ದೂರಿದ್ದಾಯಿತು. ಮುಂದಿನ ತನಿಖೆಯಲ್ಲಿ ಕಂಡದ್ದೇ ಬೇರೆ: ಕಾರ್ಖಾನೆಯಲ್ಲಿ ಕೂಡುಗಳು ಸರಿಯಾಗಿ ಹೊಂದದೆ ನಡುವೆ ಸಂದು ಉಳಿದಿತ್ತು. ಮರವನ್ನು ಮರ ಮುಟ್ಟದಿದ್ದರೆ ಅಂಟು ತಾನೆ ಏನು ಮಾಡೀತು? ಆಮೇಲೆ ರೆಕ್ಕೆಯ ಕೂಡುಗೆರೆಯ ಉದ್ದಕ್ಕೂ ಇನ್ನೊಂದು ಪ್ಲೈವುಡ್ ಪಟ್ಟಿಯನ್ನು ಅಂಟಿಸಿ, ನೀರಿಳಿಯದಂತೆ ಮುಚ್ಚಿದರು.